ಬೆಟ್ಟದ ದಾರಿ, ಹಟ್ಟಿಯ ಬಾಗಿಲು

ಬೆಟ್ಟ ಹತ್ತುವ ಹವ್ಯಾಸಕ್ಕೆ ನಮ್ಮಲ್ಲಿ ‘ಚಾರಣ’ ಎಂಬ ಮಾತು ರೂಢಿಗೆ ಬಂದಿದೆ. ಯಾರು ಮೊದಲು ಬಳಸಿದರೋ, ಬಹಳ ಒಳ್ಳೆಯ ಮಾತನ್ನೇ ಆರಿಸಿದರು. ಸಂಸ್ಕೃತದಲ್ಲಿ ಚಾರಣನೆಂದರೆ ಊರಿಂದೂರಿಗೆ ಅಲೆಯುತ್ತ ಹಾಡುವವನು. ಅದರ ಮೂಲದಲ್ಲಿರುವ ‘ಚರ್’ ಧಾತುವಿಗೆ ನಡೆಯುವುದು, ಅಲೆಯುವುದು ಎಂಬ ಅರ್ಥಗಳ ಜೊತೆಗೆ ಮೇಯುವುದು ಎಂಬ ಅರ್ಥವೂ ಉಂಟು. ನಾವು ದಿನ ಬೆಳಗಾದರೆ ಬಳಸುವ ‘ಗೋಚರ’ ಎಂಬ ಮಾತು ಹುಟ್ಟಿದ್ದು ಅಲ್ಲಿಯೇ. ಹಸು ಎಲ್ಲಿಯವರೆಗೆ ಮೇಯುತ್ತ ಹೋಗಬಲ್ಲದೋ ಆ ನೆಲವೇ ಮೊದಲಿಗೆ ಗೋಚರ. ಕಣ್ಣಿಗೆ ಕಾಣುವುದು, ಬುದ್ಧಿಗೆ ನಿಲುಕುವುದು ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ. ನಡೆಯುವುದು, ಹಾಡುವುದು, ಮೇಯಿಸುವುದು, ಕಾಣುವುದು, ಈ ನಾಲ್ಕೂ ಒಂದೇ ಬೇರಿನಿಂದ ಒಡೆದ ಕವಲುಗಳು.

ನಾನು ಇಂದು ಹೇಳಬೇಕೆಂದಿರುವ ವಿಚಾರ ಈ ನಾಲ್ಕನ್ನೂ ಮುಟ್ಟುತ್ತದೆ. ಹಣ ಕೊಟ್ಟು, ದಾರಿ ತೋರುವವರೊಬ್ಬರ ಹಿಂದೆ ಬೆಟ್ಟ ಹತ್ತಿ, ಬೆಟ್ಟದ ಆಸುಪಾಸಿನ ಬುಡಕಟ್ಟಿನವರ ಹಟ್ಟಿಯನ್ನೋ ಹಾಡಿಯನ್ನೋ ನೋಡಿ ಬರುವ ಒಂದು ಬಗೆಯ ವಿಹಾರ ಈಗ ಪ್ರಚಾರದಲ್ಲಿದೆ. ಇಂಥ ವಿಹಾರದಲ್ಲಿ ನಮಗೆ ನಿಜವಾಗಿ ಏನು ಗೋಚರವಾಗುತ್ತದೆ, ಏನು ಗೋಚರವಾಗುವುದಿಲ್ಲ ಎಂಬುದೇ ನನ್ನ ಪ್ರಶ್ನೆ.

ನಗರದವರು ಬಿಡುವು ಕಳೆಯುವ ಬಗೆ ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. ನಮ್ಮ ಅಜ್ಜಂದಿರು ಯಾತ್ರೆಗೆ ಹೋದರು. ಬೆಟ್ಟ ಹತ್ತಿದರೂ ಅದು ದೇವರಿಗಾಗಿ. ನಮ್ಮ ತಂದೆಯವರ ಕಾಲದವರು ಗಿರಿಧಾಮಗಳಿಗೆ ಹೋಗಿ ತಂಪಾದ ಗಾಳಿ ಕುಡಿದು ಬಂದರು. ಈಗಿನ ತರುಣರಿಗೆ ಶನಿವಾರ ಭಾನುವಾರ ಎರಡು ದಿನ ಸಿಕ್ಕಿದರೆ ಸಾಕು, ಬೆನ್ನಿಗೊಂದು ಚೀಲ ಏರಿಸಿ ಹೊರಟುಬಿಡುತ್ತಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ನುಗ್ಗಿದ ಜನಸಂದಣಿಯ ಚಿತ್ರಗಳನ್ನು ನೀವೂ ನೋಡಿರಬಹುದು. ಸಂತೆಯ ದಿನ ಪೇಟೆಯ ಬೀದಿಯಲ್ಲಿಯೂ ಅಷ್ಟು ಜನ ಇರಲಾರರು. ಅದನ್ನು ಕಂಡು ಸರ್ಕಾರ ಅರಣ್ಯದ ಚಾರಣಕ್ಕೆ ತಡೆ ಹಾಕಿ, ಮುಂಗಡವಾಗಿ ಹೆಸರು ನೋಂದಾಯಿಸುವ ವ್ಯವಸ್ಥೆಯನ್ನು ಅದೇ ವರ್ಷ ಜಾರಿಗೆ ತಂದಿತು. ಬೆಟ್ಟಕ್ಕೆ ಎಷ್ಟು ಜನ ಹೋಗಬೇಕೆಂದು ಎಣಿಸುವುದಕ್ಕೆ ಹೀಗೆ ಒಂದು ಏರ್ಪಾಡಾಯಿತು. ಹಟ್ಟಿಗೆ ಹೇಗೆ ಹೋಗಬೇಕೆಂದು ಹೇಳುವ ಏರ್ಪಾಡು ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ಕಳೆದ ಮಾಗಿಯಲ್ಲಿ ಹನ್ನೊಂದು ಜನರ ಒಂದು ತಂಡದೊಡನೆ ನಾನು ಮೂರು ದಿನ ಮಧುಗಿರಿಯ ಸೀಮೆಯಲ್ಲಿ ನಡೆದು ಬಂದೆ. ತಂಡದಲ್ಲಿ ಎಲ್ಲರಿಗಿಂತ ವಯಸ್ಸಾದವನು ನಾನೇ. ಹೊರಡುವ ಮೊದಲು ನಮ್ಮ ಕೈಗೆ ಕೊಟ್ಟ ಕಾರ್ಯಕ್ರಮ ಪತ್ರದಲ್ಲಿ ಹೀಗೆ ಅಚ್ಚಾಗಿತ್ತು: ಮೊದಲ ದಿನ ಏಕಶಿಲಾ ಬೆಟ್ಟ, ಎರಡನೆಯ ದಿನ ಮಿಡಿಗೇಶಿ ದುರ್ಗ, ಸಂಜೆ ಐ.ಡಿ.ಹಳ್ಳಿಯಲ್ಲಿ ವಸತಿ, ಮೂರನೆಯ ದಿನ ಬುಡಕಟ್ಟು ಗ್ರಾಮ ದರ್ಶನ ಮತ್ತು ಜಾನಪದ ಗಾಯನ, ಮುಕ್ಕಾಲು ಗಂಟೆ. ‘ದರ್ಶನ’ ಎಂಬ ಮಾತು ನನ್ನ ಕಣ್ಣನ್ನು ಹಿಡಿದು ನಿಲ್ಲಿಸಿತು. ದೇವರ ದರ್ಶನಕ್ಕೆ ಹೋದವನು ತಾನು ದೇವರನ್ನು ನೋಡಿದಷ್ಟೇ ಮುಖ್ಯವಾಗಿ ದೇವರು ತನ್ನನ್ನು ನೋಡಿದನೆಂದು ನಂಬಿ ಹಿಂದಿರುಗುತ್ತಾನೆ. ಹಟ್ಟಿಯ ದರ್ಶನಕ್ಕೆ ಹೋಗುವವರಿಗೆ ಹಟ್ಟಿಯವರೂ ತಮ್ಮನ್ನು ನೋಡುತ್ತಾರೆಂಬ ಎಚ್ಚರ ಉಳಿದೀತೆ?

ಮೊದಲು ಬೆಟ್ಟದ ಮಾತು. ಮಧುಗಿರಿಯ ಬೆಟ್ಟವನ್ನು ಕಂಡವರಿಗೆ ಅದನ್ನು ವರ್ಣಿಸುವುದು ಅನಗತ್ಯ. ಕಾಣದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಸಮುದ್ರ ಮಟ್ಟದಿಂದ ಸುಮಾರು 3,930 ಅಡಿ ಎತ್ತರಕ್ಕೆ ಒಂದೇ ಬಂಡೆ ಎದ್ದು ನಿಂತಿದೆ. ಹಳೆಯ ಕಾಗದಪತ್ರಗಳಲ್ಲಿ ಇದು ಮದ್ದಗಿರಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಕೋಟೆಯ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತ ಹೋದಂತೆ ದಾರಿ ಕಡಿದಾಗುತ್ತದೆ. ಬಂಡೆಯಲ್ಲಿಯೇ ಕೊರೆದ, ಅಂಗಾಲು ಊರುವಷ್ಟೇ ಅಗಲದ ಮೆಟ್ಟಿಲುಗಳ ಮೇಲೆ ಕಬ್ಬಿಣದ ಸರಳು ಹಿಡಿದು ಏರಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಈ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಮಲೆನಾಡಿನ ಮಳೆಯಲ್ಲಿ ಬೆಳೆದ ಆ ಹೆಣ್ಣುಮಗಳು ನಾಲ್ಕು ವರ್ಷ ಈ ಬೋಳು ಬಂಡೆಯ ಬಿಸಿಲನ್ನು ನೋಡುತ್ತ ಕಾಲ ಕಳೆದಿರಬೇಕು.

ನಮಗೆ ದಾರಿ ತೋರಿಸುತ್ತಿದ್ದವರು ಇಬ್ಬರು. ಒಬ್ಬ ಪಟ್ಟಣದ ತರುಣ. ಕೊರಳಲ್ಲಿ ಸೀಟಿ, ಸೊಂಟದಲ್ಲಿ ಹಗ್ಗ, ಚೀಲದಲ್ಲಿ ಔಷಧಿ. ತನ್ನ ಕೆಲಸವನ್ನು ಬಲ್ಲವನು. ಇನ್ನೊಬ್ಬರು ಐ.ಡಿ.ಹಳ್ಳಿಯ ಕಡೆಯ ಗೊಲ್ಲರಹಟ್ಟಿಯ ಹಿರಿಯರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ಸವೆದ ಚಪ್ಪಲಿ. ತರುಣ ನಮಗೆ ಎತ್ತರವನ್ನೂ ಇಳಿಜಾರನ್ನೂ ಅಂಕಿಗಳಲ್ಲಿ ಹೇಳುತ್ತಿದ್ದ. ಹಿರಿಯರು ಹೆಚ್ಚು ಮಾತನಾಡುತ್ತಿರಲಿಲ್ಲ. ಬಂಡೆಯ ಮೇಲೆ ಎಲ್ಲಿ ಕಾಲಿಡಬೇಕೋ ಅಲ್ಲಿ ತಾವು ಕಾಲಿಟ್ಟು ಮುಂದೆ ಹೋಗುತ್ತಿದ್ದರು. ನಾವು ಆ ಜಾಗವನ್ನು ನೋಡಿಕೊಂಡರೆ ಸಾಕಾಗಿತ್ತು. ನೆತ್ತಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿಯೊಂದಿದೆ. ಎಲ್ಲರೂ ಕೋಟೆಯ ಗೋಡೆಯ ಮೇಲೆ ನಿಂತು ದೂರದ ಕೆರೆಗಳ ಚಿತ್ರ ತೆಗೆಯುತ್ತಿದ್ದಾಗ ಆ ಹಿರಿಯರು ಗುಡಿಯ ಮುಂದೆ ಚಪ್ಪಲಿ ಬಿಟ್ಟು ಒಂದು ಗಳಿಗೆ ನಿಂತರು. “ಇವನೂ ದನಾ ಕಾದೋನೆ” ಎಂದರು, ನೆಂಟರ ಪೈಕಿ ಒಬ್ಬನನ್ನು ಗುರುತಿಸಿದ ಧಾಟಿಯಲ್ಲಿ. ನಮಗೆ ಅದು ಪಾಳು ಕಟ್ಟಡ; ಅವರಿಗೆ ತಮ್ಮ ಕಸುಬಿನ ಒಬ್ಬ ದೇವರ ಮನೆ.

ಎರಡನೆಯ ದಿನ ಮಿಡಿಗೇಶಿ. ಹಿಮ್ಮಡಿಯವರೆಗೆ ಇಳಿಬಿದ್ದ ಕೂದಲಿನ ಒಬ್ಬ ಹೆಂಗಸಿನಿಂದ ಊರಿಗೆ ಈ ಹೆಸರು ಬಂತೆಂದು ಆ ಕಡೆಯವರ ಹೇಳಿಕೆ. ಮಧುಗಿರಿಯಷ್ಟು ಗಾತ್ರ ಇಲ್ಲದಿದ್ದರೂ ಈ ದುರ್ಗವೂ ಏರುವವನ ಉಸಿರನ್ನು ಪರೀಕ್ಷಿಸುತ್ತದೆ. ಅಲ್ಲಿಂದ ಐ.ಡಿ.ಹಳ್ಳಿಯ ಕಡೆಗೆ ನಡೆಯುವಾಗ ಬೆಟ್ಟಗಳು ಹಿಂದಾಗಿ ಹುಣಸೆ, ಜಾಲಿ, ಹೊಂಗೆಗಳ ನಡುವೆ ಕೆಂಪು ನೆಲ ತೆರೆದುಕೊಳ್ಳುತ್ತದೆ. ಐ.ಡಿ.ಹಳ್ಳಿ ಎಂಬ ಹೆಸರನ್ನು ಕೇಳಿ ನಮ್ಮ ತಂಡದ ಒಬ್ಬ ಹುಡುಗಿ ನಕ್ಕಳು. ಯಾವುದೋ ಕಛೇರಿಯ ಹೆಸರಿನಂತೆ ಇದೆ ಎಂದಳು. ಇಟಕದಿಬ್ಬನಹಳ್ಳಿ ಎಂಬುದು ಜನರ ಬಾಯಲ್ಲಿಯೂ ಸರ್ಕಾರದ ಬರಹದಲ್ಲಿಯೂ ಮೊಟಕಾಗಿ ಐ.ಡಿ.ಹಳ್ಳಿಯಾಗಿದೆ. ಬಿಡಿಸಿ ನೋಡಿದರೆ ಇಟ್ಟಿಗೆ ಎಂಬರ್ಥದ ತೆಲುಗು ಮಾತೂ ದಿಬ್ಬ ಎಂಬ ಕನ್ನಡದ ಮಾತೂ ಅದರಲ್ಲಿ ಕೂಡಿಕೊಂಡಿರುವಂತೆ ತೋರುತ್ತದೆ. ಆಂಧ್ರದ ಗಡಿ ಅಲ್ಲಿಗೆ ಹತ್ತಿರ. ಗಡಿಯ ಆಚೆಗೆ ಮಡಕಶಿರದ ಕಡೆ ಕನ್ನಡದ ಮನೆಗಳಿವೆ; ಈಚೆಗೆ ತೆಲುಗಿನ ಮನೆಗಳಿವೆ. ಚಹದ ಅಂಗಡಿಯಲ್ಲಿ ಕುಳಿತರೆ ಒಂದೇ ವಾಕ್ಯದ ಎರಡು ತುದಿಗಳು ಎರಡು ಭಾಷೆಗಳಲ್ಲಿ ಇರುವುದನ್ನು ಕೇಳಬಹುದು.

ಮೂರನೆಯ ದಿನ ಬೆಳಗ್ಗೆ ಹಟ್ಟಿಗೆ ಹೋದೆವು. ಗೊಲ್ಲರಲ್ಲಿ ಊರುಗೊಲ್ಲರು, ಕಾಡುಗೊಲ್ಲರು ಎಂದು ಎರಡು ಪಂಗಡ. ಶಿರಾ, ಮಧುಗಿರಿ, ಪಾವಗಡಗಳಿಂದ ಹಿಡಿದು ಹಿರಿಯೂರು, ಚಳ್ಳಕೆರೆಗಳವರೆಗೆ ಹರಡಿರುವ ಕಾಡುಗೊಲ್ಲರು ಊರಿನಿಂದ ದೂರದಲ್ಲಿ ತಮ್ಮದೇ ಹಟ್ಟಿ ಕಟ್ಟಿಕೊಂಡು ಬಾಳಿದವರು. ಸುತ್ತಲೂ ಮುಳ್ಳಿನ ಬೇಲಿ, ಒಳಕ್ಕೆ ಹೋಗಲು ಬಾಗಿಲು, ಒಳಗೆ ಗುಡಿ, ಕುರಿರೊಪ್ಪ, ಗುಡಿಸಲುಗಳು. ಇದು ಪುಸ್ತಕಗಳಲ್ಲಿ ಕಾಣುವ ಹಟ್ಟಿಯ ಚಿತ್ರ. ನಾವು ಕಂಡ ಹಟ್ಟಿಯಲ್ಲಿ ಬೇಲಿ ಒಂದು ಪಕ್ಕದಲ್ಲಿ ಮಾತ್ರ ಉಳಿದಿತ್ತು. ಗುಡಿಸಲುಗಳ ಜಾಗದಲ್ಲಿ ತಾರಸಿ ಮನೆಗಳು, ಅವುಗಳ ಮೇಲೆ ದೂರದರ್ಶನದ ತಟ್ಟೆಗಳು, ಬಾಗಿಲಲ್ಲಿ ಮೋಟಾರ್ ಸೈಕಲ್ಲುಗಳು. ಹರೆಯದ ಗಂಡಸರು ಕಡಮೆ. ಕೆಲವರು ಬೆಂಗಳೂರಿನಲ್ಲಿ, ಕೆಲವರು ತುಮಕೂರಿನ ಬಳಿಯ ಕಾರ್ಖಾನೆಗಳಲ್ಲಿ ದುಡಿಯುತ್ತಾರೆಂದು ಹೇಳಿದರು.

ನಮ್ಮ ತಂಡದಲ್ಲಿ ಒಬ್ಬರು ಸುತ್ತಲೂ ನೋಡಿ, “ನಿಜವಾದ ಹಟ್ಟಿ ಎಲ್ಲಿದೆ?” ಎಂದು ಕೇಳಿಯೇಬಿಟ್ಟರು. ಆ ಪ್ರಶ್ನೆಯಲ್ಲಿ ಕೆಟ್ಟ ಬುದ್ಧಿ ಏನೂ ಇರಲಿಲ್ಲ. ಕಾರ್ಯಕ್ರಮ ಪತ್ರದಲ್ಲಿ ಬುಡಕಟ್ಟು ಎಂದಿದ್ದರಿಂದ ಅವರು ಹುಲ್ಲಿನ ಗುಡಿಸಲನ್ನು ನಿರೀಕ್ಷಿಸಿದ್ದರು. ಆದರೆ ಅದರ ಹಿಂದಿರುವ ಭಾವನೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಾವು ನಮ್ಮ ಅಜ್ಜನ ಹೆಂಚಿನ ಮನೆಯನ್ನು ಕೆಡವಿ ತಾರಸಿ ಹಾಕಿಸಿದಾಗ ನಮ್ಮ ನಿಜತನ ಹೋಯಿತೆಂದು ಯಾರೂ ದುಃಖಪಡುವುದಿಲ್ಲ. ಗೊಲ್ಲರ ಮುದುಕಿಯೊಬ್ಬಳು ಸೋರದ ಮನೆಯಲ್ಲಿ ಮಲಗಿದರೆ ಮಾತ್ರ ನಮಗೆ ಏನೋ ಕಳೆದುಕೊಂಡಂತೆ ಆಗುತ್ತದೆ. ನೂರು ಕಿಲೋಮೀಟರು ದೂರದಿಂದ ನೋಡಲು ಬಂದವನ ಕಣ್ಣಿನ ತೃಪ್ತಿಗಾಗಿ ಒಂದು ಸಮುದಾಯ ಮಳೆಯಲ್ಲಿ ನೆನೆಯುತ್ತಿರಬೇಕೆಂದು ನಾವು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ನಿರಾಸೆ ಅದನ್ನು ಹೇಳುತ್ತದೆ.

ಮುಂದಿನದು ಜಾನಪದ ಗಾಯನ. ಕಾಡುಗೊಲ್ಲರ ಹಾಡಿನ ಸಂಪತ್ತು ಕನ್ನಡದ ವಿದ್ವಾಂಸರಿಗೆ ಹೊಸದಲ್ಲ. ತೀ.ನಂ. ಶಂಕರನಾರಾಯಣ ಅವರು ಇವರ ಸಂಪ್ರದಾಯ, ನಂಬಿಕೆಗಳನ್ನು ಕುರಿತು ಸಂಶೋಧನೆ ನಡೆಸಿದರು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ಅಕ್ಷರ ಕಲಿಯದಿದ್ದರೂ, ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೊಡ್ಡ ಹಾಡುಗಾರ್ತಿ. ಇವರ ಮಹಾಕಥೆಯ ನಾಯಕ ಜುಂಜಪ್ಪ. ದನಕರುಗಳನ್ನು ಕಾದ ವೀರ, ಸೋದರಮಾವಂದಿರ ಹಗೆಗೆ ಗುರಿಯಾಗಿ ವಿಷವುಂಡು ಮಡಿದವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಬಳಿ ಜುಂಜಪ್ಪನ ಗುಡ್ಡೆ ಇದೆ. ಹಾವು ಚೇಳುಗಳ ಭಯ ಬಂದಾಗ ಗೊಲ್ಲರಷ್ಟೇ ಅಲ್ಲ, ಸುತ್ತಿನ ಇತರ ಜಾತಿಯವರೂ ಆತನಿಗೆ ಹರಕೆ ಹೊರುತ್ತಾರೆ. ಈ ಕಥೆಯನ್ನು ಹಾಡುವಾಗ ನುಡಿಸುವುದು ಗಣೆ ಎಂಬ ಉದ್ದನೆಯ ಬಿದಿರ ಕೊಳಲು. ಗಣೆ ಕೇವಲ ವಾದ್ಯವಲ್ಲ, ಪೂಜೆಗೆ ಸಲ್ಲುವ ವಸ್ತು.

ಹಟ್ಟಿಯ ವೃದ್ಧರೊಬ್ಬರು ಗಣೆಯನ್ನು ತಂದು, ಕೈಮುಗಿದು, ಸ್ವಲ್ಪ ಹೊತ್ತು ನುಡಿಸಿದರು. ದಪ್ಪನೆಯ, ಗಾಳಿ ಬೆರೆತ ಧ್ವನಿ. ಸಭಾಂಗಣದ ಕೊಳಲಿನ ನುಣುಪು ಅದಕ್ಕಿಲ್ಲ. ಬಯಲಿನಲ್ಲಿ ದೂರಕ್ಕೆ ಹೋಗಬೇಕಾದ ಧ್ವನಿ ಅದು. ನಾವೆಲ್ಲರೂ ಮೌನವಾಗಿ ಕೇಳಿದೆವು. ಆಮೇಲೆ ಪಟ್ಟಣದ ತರುಣ ಜುಂಜಪ್ಪನ ಕಥೆಯನ್ನು ಸ್ವಲ್ಪ ಹಾಡಿ ಎಂದು ಕೇಳಿಕೊಂಡ. ವೃದ್ಧರು ತಲೆಯಾಡಿಸಿದರು. “ಕತೆ ಎಬ್ಬಿಸಿದ ಮ್ಯಾಕೆ ಮಲಗಿಸಬೇಕು ಸ್ವಾಮಿ. ಅದಕ್ಕೆ ಒಂದು ರಾತ್ರಿ ಬೇಕು. ನಿಮಗೆ ಮುಕ್ಕಾಲು ಗಂಟೆ ಐತೆ” ಎಂದರು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ನನಗಂತೂ ಆ ಮೂರು ದಿನಗಳಲ್ಲಿ ಕೇಳಿದ ಮಾತುಗಳಲ್ಲಿ ಅದೇ ಹೆಚ್ಚು ಮುಖ್ಯವಾದದ್ದು ಎನಿಸಿತು. ಹಾಡನ್ನು ತುಂಡು ಮಾಡಿ ಮಾರುವುದು ಕಷ್ಟವೇನೂ ಅಲ್ಲ. ಐದು ನಿಮಿಷದ ತುಂಡು, ಹತ್ತು ನಿಮಿಷದ ತುಂಡು ಎಂದು ಕತ್ತರಿಸಿ ಕೊಟ್ಟರೆ ಬಂದವರು ಸಂತೋಷದಿಂದ ಹಣ ಕೊಟ್ಟು ಹೋಗುತ್ತಾರೆ. ಕ್ರಮೇಣ ಹಾಡುಗಾರನಿಗೂ ತುಂಡೇ ನೆನಪಿನಲ್ಲಿ ಉಳಿಯುತ್ತದೆ. ರಾತ್ರಿಯಿಡೀ ನಡೆಯುವ ಕಥೆ ಮರೆತುಹೋಗುತ್ತದೆ. ಕೇಳುವವನಿಗೆ ಬಿಡುವಿಲ್ಲವೆಂದು ಕಥೆ ತನ್ನ ಉದ್ದವನ್ನು ಕಳೆದುಕೊಳ್ಳುವುದನ್ನು ಆ ವೃದ್ಧರು ಒಪ್ಪಲಿಲ್ಲ. ಬೇಡವೆನ್ನುವ ಹಕ್ಕು ತಮಗಿದೆಯೆಂದು ಅವರು ತಿಳಿದಿದ್ದರು. ಇಂಥ ಪ್ರವಾಸಗಳ ಒಳ್ಳೆಯದು ಕೆಟ್ಟದ್ದನ್ನು ಅಳೆಯುವುದಕ್ಕೆ ನನಗೆ ಇದಕ್ಕಿಂತ ಸರಳವಾದ ಅಳತೆಗೋಲು ಕಾಣದು: ಬಂದವರಿಗೆ ಹಟ್ಟಿಯವರು ಯಾವ ನಷ್ಟವೂ ಇಲ್ಲದೆ ‘ಇಲ್ಲ’ ಎನ್ನಬಲ್ಲರೆ?

ಹಾಗೆ ಅನ್ನಲಾರದ ಕಡೆ ಏನಾಗುತ್ತದೆ ಎಂಬುದಕ್ಕೆ ಲೋಕದಲ್ಲಿ ಉದಾಹರಣೆಗಳಿವೆ. ಬರ್ಮಾದ ಅಂತರ್ಯುದ್ಧದಿಂದ ತಪ್ಪಿಸಿಕೊಂಡು ಥಾಯ್ಲೆಂಡಿನ ಮೇ ಹಾಂಗ್ ಸಾನ್ ಪ್ರಾಂತಕ್ಕೆ ಬಂದ ಕಯಾನ್ ಎಂಬ ಜನ ಇದ್ದಾರೆ. ಅವರ ಹೆಂಗಸರು ಕತ್ತಿಗೆ ಹಿತ್ತಾಳೆಯ ಸುರುಳಿ ಧರಿಸುತ್ತಾರೆ. ಬೆಟ್ಟದ ಚಾರಣಕ್ಕೆ ಬಂದವರು ಪ್ರವೇಶಧನ ಕೊಟ್ಟು ಈ ಹಳ್ಳಿಗಳಿಗೆ ಹೋಗಿ ಆ ಕತ್ತುಗಳ ಚಿತ್ರ ತೆಗೆದುಕೊಳ್ಳುವುದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಅವರಲ್ಲಿ ಕೆಲವರನ್ನು ನೆಲೆಸಿಕೊಳ್ಳಲು ಬೇರೆ ದೇಶಗಳು ಸಿದ್ಧವಾಗಿದ್ದರೂ ಥಾಯ್ ಅಧಿಕಾರಿಗಳು ಹೊರಡಲು ಬಿಡುತ್ತಿಲ್ಲವೆಂದು 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಆಕ್ಷೇಪಿಸಿತು. ನಮ್ಮ ದೇಶದಲ್ಲಿಯೇ, ಅಂಡಮಾನಿನ ಹೆದ್ದಾರಿಯಲ್ಲಿ ಪ್ರವಾಸಿಗಳ ಎದುರು ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ದೃಶ್ಯಗಳು 2012ರಲ್ಲಿ ಬಯಲಾದಾಗ ನಾವೆಲ್ಲ ತಲೆತಗ್ಗಿಸಬೇಕಾಯಿತು. ಎರಡು ಕಡೆಗಳಲ್ಲಿಯೂ ನೋಡುವವನಿಗೆ ವಾಹನವಿತ್ತು, ಹೊರಟುಹೋಗುವ ಸ್ವಾತಂತ್ರ್ಯವಿತ್ತು. ನೋಡಿಸಿಕೊಳ್ಳುವವರಿಗೆ ಅವೆರಡೂ ಇರಲಿಲ್ಲ.

ಐ.ಡಿ.ಹಳ್ಳಿಯ ಹಟ್ಟಿ ಅಂಥ ಜಾಗವಲ್ಲ, ನಿಜ. ಅಲ್ಲಿಯವರು ಮತದಾರರು, ಪಂಚಾಯಿತಿಯ ಸದಸ್ಯರು, ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು ಬಹುಕಾಲದಿಂದ ಹೋರಾಡಿದ ಸಮುದಾಯದವರು. ಆದರೂ ಅಲ್ಲಿ ಇನ್ನೊಂದು ಕಠಿಣವಾದ ಪ್ರಶ್ನೆ ನಮ್ಮನ್ನು ಎದುರುಗೊಂಡಿತು.

ಹಟ್ಟಿಯ ಹೊರಗೆ ಒಂದು ಚಿಕ್ಕ ಕಟ್ಟಡವಿತ್ತು. ಅದು ಏನೆಂದು ಕೇಳಿದಾಗ ಗಂಡಸರು ಮಾತು ತಿರುಗಿಸಿದರು. ತಿಳಿದವರಿಗೆ ಅದರ ಅರ್ಥ ಗೊತ್ತು. ಮುಟ್ಟಾದ ಹೆಂಗಸನ್ನು, ಹೆತ್ತ ತಾಯಿಯನ್ನು ಹಸುಗೂಸಿನೊಡನೆ ಹಟ್ಟಿಯಿಂದ ಹೊರಗಿಡುವುದು ಕಾಡುಗೊಲ್ಲರಲ್ಲಿ ಹಳೆಯ ರೂಢಿ. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿಯೂ ಹಳ್ಳಿಯಿಂದ ದೂರದ ಸೊಪ್ಪಿನ ಗುಡಿಸಲಿನ ಪ್ರಸ್ತಾಪವಿದೆ. ಈಚಿನ ವರ್ಷಗಳಲ್ಲಿ ಕೆಲವು ಹಟ್ಟಿಗಳ ಹೊರಗೆ ಸರ್ಕಾರವೇ ‘ಕೃಷ್ಣ ಕುಟೀರ’ಗಳೆಂಬ ಕಟ್ಟಡಗಳನ್ನು ಕಟ್ಟಿಸಿಕೊಟ್ಟಿತು. ಮಳೆ ಗಾಳಿಗೆ ಸಿಕ್ಕಿ ನರಳುವುದಕ್ಕಿಂತ ಇದು ಮೇಲೆಂದು ಕೆಲವರು, ಬಿಡಿಸಬೇಕಾದ ರೂಢಿಗೆ ಸರ್ಕಾರವೇ ಗೋಡೆ ಕಟ್ಟಿತೆಂದು ಇನ್ನು ಕೆಲವರು ವಾದಿಸಿದರು. ಹೀಗೆ ಹೊರಗಿಡುವಂತೆ ಬಲಾತ್ಕರಿಸುವುದನ್ನು 2017ರಲ್ಲಿ ರಾಜ್ಯದ ಶಾಸನಸಭೆ ಅಂಗೀಕರಿಸಿದ ಅಮಾನವೀಯ ಪದ್ಧತಿಗಳ ನಿಷೇಧದ ಕಾನೂನು ಅಪರಾಧವೆಂದು ಸಾರಿತು. ಆದರೂ 2023ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಿನಲ್ಲಿ, ಮಳೆಯ ಚಳಿಯಲ್ಲಿ, ತಾಯಿಯ ಮಗ್ಗುಲಲ್ಲಿದ್ದ ಒಂದು ಎಳೆಗೂಸು ತೀರಿಕೊಂಡ ಸುದ್ದಿಯನ್ನು ನಾವು ಓದಬೇಕಾಯಿತು.

ನಮ್ಮವರಲ್ಲಿ ಒಬ್ಬರು ಆ ಕಟ್ಟಡದ ಚಿತ್ರ ತೆಗೆಯಲು ಹೊರಟರು. ಮಧುಗಿರಿಯ ಕಾಲೇಜಿಗೆ ಹೋಗುವ ಹಟ್ಟಿಯ ಒಬ್ಬ ಹುಡುಗಿ ಅಲ್ಲಿಯೇ ನಿಂತಿದ್ದಳು. ಅವಳು ಅಡ್ಡ ಬರಲಿಲ್ಲ. ಸಮಾಧಾನವಾಗಿ, “ತೆಗೀರಿ. ಇದನ್ನ ನೋಡೋದಕ್ಕೆ ಬಹಳ ಜನ ಬರ್ತಾರೆ. ನಮ್ಮಜ್ಜಿ ಹತ್ರ ಕೂತು ಮಾತಾಡೋದಕ್ಕೆ ಯಾರೂ ಬರಲ್ಲ” ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: ಅವಳು ಅಲ್ಲಿಗೆ ಹೋಗುವುದನ್ನು ಬಿಟ್ಟು ಎರಡು ವರ್ಷವಾಗಿದೆ. ಮೊದಲ ಆರು ತಿಂಗಳು ಆ ದಿನಗಳಲ್ಲಿ ಅಜ್ಜಿ ಅವಳೊಡನೆ ಮಾತಾಡಲಿಲ್ಲ. ದೇವರು ಮುನಿದರೆ ಕುರಿಗಳಿಗೆ ಕೇಡು ಬರುತ್ತದೆಂಬ ಭಯ ಅಜ್ಜಿಯದು. ಅದು ಹಟವಲ್ಲ, ನಿಜವಾದ ಭಯ. ಈಗ ಅಜ್ಜಿ ಮಾತಾಡುತ್ತಾಳೆ, ಆದರೆ ತನ್ನ ತಟ್ಟೆಯನ್ನು ಬೇರೆ ಇಟ್ಟುಕೊಳ್ಳುತ್ತಾಳೆ. “ಇನ್ನೊಂದು ವರ್ಷ ಹೋದರೆ ತಟ್ಟೆನೂ ಒಂದಾಗತ್ತೆ” ಎಂದು ಅವಳು ನಕ್ಕಳು.

ಹೊರಗಿನಿಂದ ಬಂದವರಲ್ಲಿ ಎರಡು ಬಗೆ. ಒಬ್ಬರಿಗೆ ಹಟ್ಟಿಯಲ್ಲಿರುವುದೆಲ್ಲ ಸುಂದರ. ಹಾಡು, ಕಂಬಳಿ, ರೂಢಿ ಎಲ್ಲವನ್ನೂ ಸಂಸ್ಕೃತಿ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಕಾಪಾಡಬೇಕೆನ್ನುತ್ತಾರೆ. ಇನ್ನೊಬ್ಬರಿಗೆ ಎಲ್ಲವೂ ಹಿಂದುಳಿದ ಕತ್ತಲೆ. ಆ ಗುಡಿಸಲೊಂದೇ ಅವರ ಕಣ್ಣಿಗೆ ಬೀಳುತ್ತದೆ. ಇಬ್ಬರ ಕಣ್ಣಿನಲ್ಲಿಯೂ ಹಟ್ಟಿ ನಿಂತಲ್ಲಿ ನಿಂತಿರುತ್ತದೆ. ಆ ಹುಡುಗಿ ಮಾತ್ರ ನಡೆಯುತ್ತಿದ್ದಳು. ಗಣೆಯ ಧ್ವನಿಗೆ ಕೈಮುಗಿದವಳೂ ಅವಳೇ, ಗುಡಿಸಲಿಗೆ ಹೋಗದೆ ನಿಂತವಳೂ ಅವಳೇ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯನ್ನು ದಿನನಿತ್ಯ, ತನ್ನ ಅಜ್ಜಿಯ ಎದುರಿನಲ್ಲಿ, ಮಾಡುತ್ತಿರುವವಳು ಅವಳು. ನಮಗೆ ದಾರಿ ತೋರುವವರು ಬೇಕೆಂದಾದರೆ ಬಂಡೆಯ ಮೇಲೆ ಆ ಹಿರಿಯರಂಥವರೂ ಹಟ್ಟಿಯ ಒಳಗೆ ಇವಳಂಥವರೂ ಬೇಕು. ಇಬ್ಬರಿಗೂ ಕಾರ್ಯಕ್ರಮ ಪತ್ರದಲ್ಲಿ ಹೆಸರಿರಲಿಲ್ಲ.

ಹಾಗಾದರೆ ಹೋಗಲೇಬಾರದೆ? ನಾನು ಹಾಗೆ ಹೇಳಲಾರೆ. ಮಾನವರು ಒಬ್ಬರನ್ನೊಬ್ಬರು ನೋಡಲು ಹೋಗದಿದ್ದರೆ ಲೋಕ ಬಡವಾಗುತ್ತದೆ. ಹೋಗುವ ರೀತಿಗೆ ಹೊಸ ಶಾಸ್ತ್ರ ಬರೆಯುವುದೂ ಬೇಕಿಲ್ಲ. ನೆಂಟರ ಮನೆಗೆ ಹೋಗುವ ಹಳೆಯ ಕ್ರಮವೇ ಸಾಕು. ಹೇಳಿಕಳಿಸಿ ಹೋಗುವುದು, ಮನೆಯವರಿಗೆ ಅನುಕೂಲವಾದ ದಿನ ಹೋಗುವುದು, ಹೊಸ್ತಿಲ ಹೊರಗೆ ಚಪ್ಪಲಿ ಬಿಡುವುದು, ಕರೆದ ಕೋಣೆಗೆ ಮಾತ್ರ ಹೋಗುವುದು, ಉಂಡದ್ದಕ್ಕೆ ತಕ್ಕದ್ದನ್ನು ಒಪ್ಪಿಸಿ ಬರುವುದು. ಕೇಳದೆ ಚಿತ್ರ ತೆಗೆಯಬಾರದು. ಮಕ್ಕಳಿಗೆ ಮಿಠಾಯಿ ಎಸೆದು ಕೈಚಾಚುವುದನ್ನು ಕಲಿಸಬಾರದು. ಕಥೆ ಕೇಳಬೇಕೆಂದಿದ್ದರೆ ಒಂದು ರಾತ್ರಿ ಇಟ್ಟುಕೊಂಡು ಹೋಗಬೇಕು. ಕೊಟ್ಟ ಹಣದಲ್ಲಿ ಹಟ್ಟಿಗೆ ಎಷ್ಟು ಸಲ್ಲುತ್ತದೆ ಎಂದು ಹೊರಡುವ ಮೊದಲೇ ಕೇಳುವುದು ಅಸಭ್ಯತೆಯಲ್ಲ. ನಾನ್ನೂರು ರೂಪಾಯಿಯ ಸೀರೆ ಕೊಳ್ಳುವಾಗ ನಾವು ನೂರು ಪ್ರಶ್ನೆ ಕೇಳುತ್ತೇವೆ.

ಇದೆಲ್ಲಕ್ಕಿಂತ ದೊಡ್ಡದಾಗಿ ಹಟ್ಟಿಯವರಿಗೆ ಬೇಕಾದದ್ದು ಬೇರೊಂದಿದೆ. ಅದನ್ನು ಅವರು ನಮ್ಮೊಡನೆ ಹೇಳಿಕೊಂಡರು; ಪ್ರವಾಸಿಗಳ ಬಗೆಗೆ ಅಲ್ಲ, ಹುಲ್ಲಿನ ಬಗೆಗೆ. ಕುರಿ ಮೇಯಿಸಲು ನೆಲ ಉಳಿದಿಲ್ಲ. ಗೋಮಾಳಗಳು ಹೋದವು, ಕಾವಲುಗಳು ಕುಗ್ಗಿದವು. ಹುಲ್ಲುಗಾವಲನ್ನು ನಮ್ಮ ದಾಖಲೆಗಳು ಬಂಜರು ಎಂದು ಬರೆಯುತ್ತ ಬಂದಿವೆ. ಅದೇ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಿಟ್ಟದ್ದರಿಂದ ಹುಲ್ಲಿನ ನೆಲಕ್ಕೂ ಬೆಲೆಯುಂಟೆಂದು ಒಂದು ಕಡೆಯಾದರೂ ಒಪ್ಪಿಕೊಂಡಂತಾಯಿತು. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರ 2019ರ ಹೊತ್ತಿಗೆ ಪೂರ್ಣಗೊಂಡಿತು. ಬರದಿಂದ ಬೆಂದ ರೈತರಿಗೆ ಭೂಮಿಯ ಗೇಣಿ ಬರುತ್ತಿದೆ, ಒಳ್ಳೆಯದು. ಆದರೆ ಗೇಣಿ ಸಲ್ಲುವುದು ನೆಲದ ಒಡೆಯನಿಗೆ. ಬೆಳೆ ಕೊಯ್ದ ಹೊಲದಲ್ಲಿ ಕೂಳೆ ಮೇಯಿಸಿ, ಮಂದೆ ನಿಲ್ಲಿಸಿ ಗೊಬ್ಬರ ಕೊಟ್ಟು ಬದುಕುತ್ತಿದ್ದ ಕುರಿಗಾಹಿಗೆ ಆ ನೆಲದ ಪತ್ರದಲ್ಲಿ ಹೆಸರಿಲ್ಲ.

ಇದಕ್ಕೆ ಪರಿಹಾರವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ ಪೋಡುಗಳಿಗೆ ಅರಣ್ಯದ ಮೇಲಿನ ಸಾಮುದಾಯಿಕ ಹಕ್ಕುಗಳನ್ನು ಮಾನ್ಯಮಾಡಿದರು. ಹುಲಿಗಳ ರಕ್ಷಿತಾರಣ್ಯವೊಂದರಲ್ಲಿ ಹಾಗೆ ಆದದ್ದು ದೇಶದಲ್ಲಿ ಅದೇ ಮೊದಲು. ತನ್ನ ಕಾಡಿನಲ್ಲಿ ಹಕ್ಕುಳ್ಳ ಸೋಲಿಗ ನಮಗೆ ದಾರಿ ತೋರಿಸಿದರೆ ಅವನು ಆ ಮನೆಯ ಯಜಮಾನ. ಹಕ್ಕಿಲ್ಲದವನು ಅದೇ ದಾರಿಯನ್ನು ತೋರಿಸಿದರೆ ಕೂಲಿಯವನು. ದಾರಿ ಒಂದೇ ಆದರೂ ಅದರ ಮೇಲೆ ನಡೆಯುವ ಇಬ್ಬರ ಸಂಬಂಧ ಬೇರೆಯಾಗುತ್ತದೆ. ಗೊಲ್ಲರಹಟ್ಟಿಗೂ ಈ ಮಾತು ಸಲ್ಲುತ್ತದೆ.

ಮಧುಗಿರಿಯ ಬಂಡೆ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಇನ್ನೂ ನೂರು ತಲೆಮಾರಿನವರು ಹತ್ತಬಹುದು. ಅದರ ಸುತ್ತಿನ ಕಾಲುದಾರಿಗಳು ಹಾಗಲ್ಲ. ಅವನ್ನು ಯಾವ ಇಲಾಖೆಯೂ ಮಾಡಲಿಲ್ಲ. ದನ ಕುರಿಗಳ ಗೊರಸುಗಳೂ ಅವುಗಳ ಹಿಂದೆ ನಡೆದವರ ಅಂಗಾಲುಗಳೂ ಮಾಡಿದವು. ಮಂದೆ ನಿಂತುಹೋದರೆ ಎರಡು ಮಳೆಗಾಲದಲ್ಲಿ ಜಾಲಿ ಬೆಳೆದು ದಾರಿ ಮುಚ್ಚುತ್ತದೆ. ಮುಂದೆ ಬೆಟ್ಟಕ್ಕೆ ಹೊರಟಾಗ ನಿಮ್ಮ ಮುಂದೆ ನಡೆಯುತ್ತಿರುವವರನ್ನು, ಅವರ ಕುರಿಗಳಿಗೆ ಈ ವರ್ಷ ಮೇವು ಎಲ್ಲಿ ಸಿಕ್ಕಿತೆಂದು ಒಂದು ಸಲ ಕೇಳಿ ನೋಡಿ. ಉತ್ತರ ಸ್ವಲ್ಪ ಉದ್ದವಾಗಿರುತ್ತದೆ. ನಡೆಯುತ್ತ ಕೇಳುವುದಕ್ಕೆ ಬೆಟ್ಟದ ದಾರಿ ಸಾಕಷ್ಟು ಉದ್ದವಾಗಿಯೇ ಇದೆ.